ಐಲೀನ್ ಗು ಆಟ ನೋಡಬೇಕಾ? ಒಲಿಂಪಿಕ್ಸ್ ಡಾಟ್ ಕಾಮ್‌ನ ಪೂರ್ತಿ ರಿಪ್ಲೇ ನೋಡಿ

ಐಲೀನ್ ಗು ಅಂದರೆ ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಿಗಿಯುವ, ಚೀನಾ ಪರ ಆಡುವ ಫ್ರೀಸ್ಟೈಲ್ ಸ್ಕೀಯಿಂಗ್ ಆಟಗಾರ್ತಿ. ಅವಳ ಹೆಸರು ಹುಡುಕಿದರೆ ಫೋನ್ ತುಂಬಾ ಚೂರುಪಾರು ವಿಡಿಯೊಗಳೇ. ಹಾರಿದಳು, ತಿರುಗಿದಳು, ಇಳಿದಳು, ಮುಗೀತು. ಬೆಳಗಾವಿಯಲ್ಲಿ ನನ್ನ ಹತ್ತಿರ ರೋಲರ್ ಸ್ಕೇಟಿಂಗ್ ಕಲಿಯೋ ಮಕ್ಕಳು ಅದನ್ನೇ ನೋಡಿ ಬಂದು, ನಾಳೆಯೇ ಹಾರಬೇಕು ಅನ್ನುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ: ಫೈನಲ್ ಪೂರ್ತಿ ನೋಡಿ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನ ರಿಪ್ಲೇಗಳು ಒಲಿಂಪಿಕ್ಸ್ ಡಾಟ್ ಕಾಮ್‌ನಲ್ಲಿ ಸಿಗುತ್ತವೆ.

ಮೊದಲು ಫೆಬ್ರವರಿ 8ರ ಬಿಗ್ ಏರ್ ಹಾಕಿ. ದೊಡ್ಡ ಇಳಿಜಾರು, ಒಂದು ಜಿಗಿತ. ಮೂರು ಅವಕಾಶದಲ್ಲಿ ಎರಡರ ಅಂಕ ಲೆಕ್ಕಕ್ಕೆ. ನಡೆದ ಜಾಗ ಶೌಗಾಂಗ್, ಹಳೇ ಉಕ್ಕಿನ ಕಾರ್ಖಾನೆ. ಹಿಂದೆ ಭಾರೀ ಕೂಲಿಂಗ್ ಟವರ್‌ಗಳು ಕಾಣುತ್ತವೆ. ನಮ್ಮ ಒಬ್ಬ ಹುಡುಗನ ಅಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿದ್ದಾರೆ. ಅವನು ನೋಡಿದವನೇ, "ಸರ್, ಇದು ನಮ್ಮಪ್ಪನ ಫ್ಯಾಕ್ಟರಿ ಕಡೆ ಇದ್ದಂಗ ಐತಲ್ರೀ!" ಅಂದ. ಆಮೇಲೆ ಕಣ್ಣು ಕದಲಿಸಲಿಲ್ಲ.

ಎರಡು ಜಿಗಿತ ಆದ ಮೇಲೆ ಮುಂದಿದ್ದದ್ದು ಫ್ರಾನ್ಸ್‌ನ ಟೆಸ್ ಲೆಡ್ಯೂ. ಗುಗೆ ಪದಕ ಹೆಚ್ಚುಕಡಿಮೆ ಕೈಯಲ್ಲಿತ್ತು. ಮೂರನೇ ಜಿಗಿತಕ್ಕೆ ಮೊದಲು ಅಮ್ಮನಿಗೆ ಫೋನ್ ಮಾಡಿದಳು. 1440 (1440 ಡಿಗ್ರಿ, ಅಂದರೆ ಗಾಳಿಯಲ್ಲಿ ನಾಲ್ಕು ಸುತ್ತು) ಮಾಡು, ಬೆಳ್ಳಿ ಬರುತ್ತೆ ಅಂತ ಅಮ್ಮನ ಸಲಹೆ. ಮಗಳು ಆರಿಸಿದ್ದು ಸ್ಪರ್ಧೆಯಲ್ಲಿ ಅದುವರೆಗೆ ತಾನು ಮಾಡದ 1620. ನಾನು ಇಲ್ಲಿ ವಿಡಿಯೊ ನಿಲ್ಲಿಸಿ ಮಕ್ಕಳನ್ನು ಕೇಳುತ್ತೇನೆ, ನೀವಾಗಿದ್ದರೆ? ಜಗಳವೇ ಶುರುವಾಗುತ್ತದೆ! ಚೂರು ವಿಡಿಯೊದಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲ ಅಲ್ವಾ?

1620 ಅಂದರೆ ಗಾಳಿಯಲ್ಲಿ ನಾಲ್ಕೂವರೆ ಸುತ್ತು, ಅದರ ಜೊತೆ ಎರಡು ಸಲ ಮೈ ತಲೆಕೆಳಗು. ಆ ಅರ್ಧ ಸುತ್ತಿನಿಂದಾಗಿ ಇಳಿಯುವುದು ಹಿಮ್ಮುಖವಾಗಿ. ಅದಕ್ಕೇ ಈ ಸ್ಕೀಗಳ ಎರಡೂ ತುದಿ ಮೇಲಕ್ಕೆ ಬಾಗಿರುತ್ತವೆ. ನಿಧಾನಗತಿಯಲ್ಲಿ ತೋರಿಸುವಾಗ ಭುಜ ನೋಡಿ, ಇಳಿಯುವಾಗ ಮಂಡಿ ನೋಡಿ. ನಮ್ಮ ಮಕ್ಕಳು ಸ್ಕೇಟ್ಸ್ ಮೇಲೆ ಕಲಿಯೋ 180 ಜಿಗಿತವೂ ಹಿಮ್ಮುಖವಾಗಿಯೇ ಇಳಿಯುತ್ತದೆ. ಮಂಡಿ ಬಗ್ಗಿಸಿ ಅಂತ ನಾನು ದಿನಾ ಕೂಗೋದು ಅದಕ್ಕೇ.

ಆ ಜಿಗಿತಕ್ಕೆ ಗು 94.50 ಅಂಕ ಪಡೆದಳು. ಕೊನೆಗೆ ಬಂದ ಲೆಡ್ಯೂಗೆ ಅವಳ ಒಟ್ಟು ಅಂಕ ದಾಟಲಾಗಲಿಲ್ಲ. ಗುಗೆ 188.25, ಲೆಡ್ಯೂಗೆ 187.50. ಲೆಡ್ಯೂ ಅಳುತ್ತಾ ಕುಸಿದಾಗ ಗೆದ್ದವಳೇ ಪಕ್ಕದಲ್ಲಿ ಕೂತು ಸಮಾಧಾನ ಮಾಡುತ್ತಾಳೆ. ಕಂಚು ಗೆದ್ದ ಸ್ವಿಟ್ಜರ್ಲೆಂಡ್‌ನ ಮಟಿಲ್ಡ್ ಗ್ರೆಮೊ ಕೂಡ ಬರುತ್ತಾಳೆ. ನನಗೆ ಆ ಇಡೀ ಫೈನಲ್‌ನಲ್ಲಿ ಜಾಸ್ತಿ ಇಷ್ಟವಾದದ್ದು ಇದು.

ಸುಮ್ನೆ ಒಂದು ದಿನದಲ್ಲಿ ಬಂದದ್ದಲ್ಲ ಈ ಧೈರ್ಯ. ಗು ಹುಟ್ಟಿದ್ದು 2003ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಚೀನಾ ಪರ ಆಡುತ್ತೇನೆ ಅಂತ 2019ರಲ್ಲಿ ಹೇಳಿದಾಗ ಬೈದವರೂ ಇದ್ದರು, ಹೊಗಳಿದವರೂ ಇದ್ದರು. 2021ರ ಆಸ್ಪೆನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡು ಚಿನ್ನ ಗೆದ್ದಿದ್ದಳು. ಬೀಜಿಂಗ್‌ಗೆ ಬಂದಾಗ ಹದಿನೆಂಟು ವರ್ಷ.

ಹಾಫ್‌ಪೈಪ್ (ಅರ್ಧ ಕೊಳವೆಯಂಥ ಹಿಮದ ಕಾಲುವೆಯಲ್ಲಿ ಆಡುವ ಸ್ಪರ್ಧೆ) ಫೈನಲ್ ಹಾಕುವ ಮುಂಚೆ ಮಕ್ಕಳಿಗೆ ಸಾರಾ ಬರ್ಕ್ ಬಗ್ಗೆ ಹೇಳಿ. ಈ ಆಟ ಒಲಿಂಪಿಕ್ಸ್‌ಗೆ ಸೇರಬೇಕು ಅಂತ ಹೋರಾಡಿದವರು, ಕೆನಡಾದವರು. 2012ರ ಜನವರಿಯಲ್ಲಿ ಅಭ್ಯಾಸ ಮಾಡುವಾಗ ಬಿದ್ದು, ಕೆಲವೇ ದಿನದಲ್ಲಿ ತೀರಿಕೊಂಡರು. 29 ವರ್ಷ. 2014ರ ಸೋಚಿಯಲ್ಲಿ ಆಟ ಸೇರಿತು, ಅವರು ಇರಲಿಲ್ಲ. ಈ ವಿಷಯ ಗೊತ್ತಿದ್ದು ನೋಡಿದರೆ 22 ಅಡಿಯ ಆ ಹಿಮದ ಗೋಡೆಗಳು ಬೇರೆ ಥರ ಕಾಣುತ್ತವೆ. ನಮ್ಮಲ್ಲಿ ಹೆಲ್ಮೆಟ್ ಬೇಡ ಅಂತ ಹಠ ಮಾಡುವವರಿಗೂ ನಾನು ಹೇಳುವುದು ಅವರ ಕಥೆಯನ್ನೇ.

ಕಾಮೆಂಟರಿ ಇಂಗ್ಲಿಷ್‌ನಲ್ಲಿದೆ. ಚಿಕ್ಕ ಮಕ್ಕಳಿದ್ದರೆ ಪಕ್ಕದಲ್ಲಿ ಕೂತು ನೀವೇ ಹೇಳುತ್ತಾ ಹೋಗಿ. ಫೋನ್ ಬೇಡ, ಟಿವಿಗೆ ಹಾಕಿ. ಹುಡುಕುವಾಗ ಆಟಗಾರ್ತಿಯ ಹೆಸರಿಗಿಂತ ಸ್ಪರ್ಧೆಯ ಹೆಸರು ಹಾಕಿ. ಬಿಗ್ ಏರ್ ಆದ ಮೇಲೆ ಸ್ಲೋಪ್‌ಸ್ಟೈಲ್ (ಕಂಬಿ, ಜಿಗಿತಗಳಿರುವ ಇಳಿಜಾರಿನ ಸ್ಪರ್ಧೆ) ನೋಡಿ. ಅಲ್ಲಿ ಇದೇ ಗು 0.33 ಅಂಕದಲ್ಲಿ ಗ್ರೆಮೊಗೆ ಸೋತಳು. ಮಕ್ಕಳಿಗೆ ಅದನ್ನೂ ತೋರಿಸಲೇಬೇಕು.