ಎರಡನೆಯ ಕ್ಯಾಮೆರಾಕ್ಕೆ ಮೂರು ಉಮೇದುವಾರರು

ನನ್ನ ನಿಕಾನ್ ಡಿ750 ಮತ್ತು 24-120 ಲೆನ್ಸ್ ಸೇರಿದರೆ ಒಂದೂವರೆ ಕಿಲೋ ದಾಟುತ್ತದೆ. ಮದುವೆ ಮನೆಗೆ ಅದು ಸರಿ. ಮುಂಬಯಿಯ ಬೆಳಗಿನ ಲೋಕಲ್ ರೈಲಿನಲ್ಲಿ ಅದನ್ನು ಎದೆಗವಚಿಕೊಂಡು ನಿಂತರೆ ನನಗೂ ಕಷ್ಟ, ಪಕ್ಕದವರಿಗೂ ಕಷ್ಟ. ವಾರಪೂರ್ತಿ ಅದು ಮಾಟುಂಗಾದ ಮನೆಯ ಕಪಾಟಿನಲ್ಲೇ ಉಳಿಯತೊಡಗಿದಾಗ ಹಗುರವಾದ ಇನ್ನೊಂದನ್ನು ಹುಡುಕಿದೆ. ಗೆಳೆಯರಿಂದ ರಿಕೋ, ಫ್ಯೂಜಿಫಿಲ್ಮ್, ಒಲಿಂಪಸ್ ಹೀಗೆ ಮೂರನ್ನು ಕಡ ತಂದು, ನಾನು ಹೆಚ್ಚಾಗಿ ಚಿತ್ರ ತೆಗೆಯುವ ಎರಡು ಜಾಗಗಳಲ್ಲಿ ಬಳಸಿದೆ: ನಸುಕಿನ ದಾದರ್ ಹೂಮಾರುಕಟ್ಟೆ ಮತ್ತು ಮೈಸೂರು ಅಸೋಸಿಯೇಷನ್ನಿನ ಕನ್ನಡ ನಾಟಕಗಳು.

ಹೂಮಾರುಕಟ್ಟೆಯಲ್ಲಿ ರಿಕೋ ಜಿಆರ್ 3ಕ್ಕೆ ಸಾಟಿಯಿಲ್ಲ. ಬ್ಯಾಟರಿ, ಕಾರ್ಡ್ ಸಮೇತ 257 ಗ್ರಾಂ. ಜುಬ್ಬದ ಜೇಬಿಗೆ ಇಳಿಯುತ್ತದೆ. ಫೋಕಸ್ ದೂರವನ್ನು ಮೊದಲೇ ಗೊತ್ತುಮಾಡಿಡುವ ಇದರ ಸ್ನ್ಯಾಪ್ ಫೋಕಸ್ ಬಹಳ ಉಪಯುಕ್ತ. ದೂರವನ್ನು 2 ಮೀಟರ್‌ಗೆ, ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಕಿರಿದಾದ ಎಫ್/8ಕ್ಕೆ ಇಟ್ಟರೆ ಸುಮಾರು ಒಂದು ಮೀಟರ್‌ನಿಂದಾಚೆಗಿನದೆಲ್ಲ ಸ್ಪಷ್ಟವಾಗಿ ಬರುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತವನು ಜನರ ನಡುವಿನಿಂದ ನುಗ್ಗಿ ಬರುವಾಗ ಕ್ಯಾಮೆರಾ ಫೋಕಸ್ ಹುಡುಕುತ್ತ ಕೂರುವುದಿಲ್ಲ. ಆದರೆ ಲೆನ್ಸ್ ಬದಲಿಸಲಾಗದು, ವ್ಯೂಫೈಂಡರ್ ಇಲ್ಲ. ನಾಟಕದ ಮೂರನೆಯ ಸಾಲಿನಿಂದ ಅದರ ಅಗಲವಾದ 28 ಮಿಮೀ ನೋಟಕ್ಕೆ (ಈ ಅಂಕೆ ದೊಡ್ಡದಾದಷ್ಟು ನೋಟ ಕಿರಿದು, ದೂರದ್ದು ದೊಡ್ಡದಾಗಿ ಕಾಣುತ್ತದೆ) ನಟಿಯ ಮುಖ ಕಡಲೆಕಾಳಿನಷ್ಟು. ಚಿತ್ರದ ಅಂಚನ್ನು ಕ್ಯಾಮೆರಾದೊಳಗೇ ಕತ್ತರಿಸಿ 50 ಮಿಮೀ ನೋಟ ಪಡೆದರೆ 24 ಮೆಗಾಪಿಕ್ಸೆಲ್ ಹೋಗಿ ಏಳು ಉಳಿಯುತ್ತದೆ.

ಫ್ಯೂಜಿಫಿಲ್ಮ್ ಎಕ್ಸ್-ಇ4 ಬಣ್ಣದಲ್ಲಿ ನನ್ನನ್ನು ಗೆದ್ದಿತು. ಚೆಂಡುಹೂವಿನ ಕೇಸರಿ ಸಾಮಾನ್ಯವಾಗಿ ಚಿತ್ರದಲ್ಲಿ ಒಂದೇ ಮುದ್ದೆಯಾಗಿಬಿಡುತ್ತದೆ. ಇದರ ಪ್ರೊ ನೆಗ್ ಸ್ಟ್ಯಾಂಡರ್ಡ್ ಎಂಬ ಮೆದು ಬಣ್ಣದ ಆಯ್ಕೆಯಲ್ಲಿ ಎಸಳೆಸಳೂ ಉಳಿಯಿತು. 364 ಗ್ರಾಂ ತೂಕಕ್ಕೆ 27 ಮಿಮೀ ಎಫ್/2.8 ಲೆನ್ಸಿನ 84 ಗ್ರಾಂ ಸೇರಿಸಿ. ಈ ಲೆನ್ಸಿನ ಹೊಸ ಆವೃತ್ತಿಗೆ ಮಳೆಹನಿ ತಡೆಯುವ ರಕ್ಷಣೆಯಿದೆ, ಕ್ಯಾಮೆರಾಕ್ಕೆ ಇಲ್ಲ. ಹಾಗಾಗಿ ಮುಂಬಯಿಯ ಜುಲೈಯಲ್ಲಿ ಆ ರಕ್ಷಣೆಯನ್ನು ನಂಬಿ ಹೊರಡಬೇಡಿ. ರಂಗದ ಮಬ್ಬಿನಲ್ಲಿ ಇದರ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಒಲಿಂಪಸ್‌ನದಕ್ಕಿಂತ ನಿಚ್ಚಳ. ಆದರೆ ಕ್ಯಾಮೆರಾದೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ನಟರು ಸ್ತಬ್ಧರಾಗಿ ನಿಂತ ಗಳಿಗೆಯಲ್ಲೂ ಶಟರ್ ವೇಗ ಇಳಿಸಲು ನನಗೆ ಧೈರ್ಯ ಬರಲಿಲ್ಲ.

ಒಲಿಂಪಸ್ ಇ-ಎಂ10 ಮಾರ್ಕ್ 2 ಬಂದದ್ದು 2015ರಲ್ಲಿ. ಮೂರರಲ್ಲಿ ಹಳೆಯದು, 16 ಮೆಗಾಪಿಕ್ಸೆಲ್ ಮಾತ್ರ. ಆದರೂ ಕೈನಡುಕ ತಡೆಯುವ ಅದರ ಐದು ಅಕ್ಷಗಳ ಸ್ಥಿರೀಕರಣ ಮತ್ತು ಪುಟ್ಟ ಲೆನ್ಸುಗಳ ಸಾಲು ನನ್ನ ಮನಸ್ಸನ್ನು ತಿರುಗಿಸಿದವು. 45 ಮಿಮೀ ಎಫ್/1.8 ಕೇವಲ 116 ಗ್ರಾಂ. ಸೆನ್ಸರ್ ಚಿಕ್ಕದಾದ್ದರಿಂದ ಅಂಕೆ ಇಮ್ಮಡಿಯಾಗಿ ನೋಟ 90 ಮಿಮೀಯದು. ಮಾತು ನಿಲ್ಲಿಸಿ ಎದುರು ನೋಡುತ್ತ ನಿಂತ ಪಾತ್ರಧಾರಿಯನ್ನು ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಕೈಯಲ್ಲೇ ಹಿಡಿದೆ, ಕಣ್ಣರೆಪ್ಪೆ ಸಹಿತ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ. ಎಲ್‌ಇಡಿ ದೀಪಗಳಿದ್ದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಬೀಳಬಹುದು, ನಾಟಕ ಶುರುವಾಗುವ ಮೊದಲೇ ಪರೀಕ್ಷಿಸಿಕೊಳ್ಳಿ.

ಇದಕ್ಕೇ ಹೊಂದುವ ಪ್ಯಾನಾಸಾನಿಕ್ಕಿನ 20 ಮಿಮೀ ಎಫ್/1.7 ಲೆನ್ಸಿನ ಚಿತ್ರ ಚೆಂದ, ಫೋಕಸ್ ನಿಧಾನ. ಅದನ್ನು ಹಿಂದಿರುಗಿಸಿ, 55 ಗ್ರಾಂ ತೂಗುವ 14 ಮಿಮೀ ಎಫ್/2.5 ಹಾಕಿ ನೋಡಿದೆ. ರಿಕೋದ ಅದೇ 28 ಮಿಮೀ ನೋಟ! ಎರಡು ಮೀಟರ್ ದೂರದ ಬುಟ್ಟಿಗೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿ, ಎಫ್/5.6ರಲ್ಲಿ ಬಿಟ್ಟರೆ ಹೂಮಾರುಕಟ್ಟೆಯ ಕೆಲಸ ಬಹುಮಟ್ಟಿಗೆ ಆಗುತ್ತದೆ. ರಿಕೋದಷ್ಟು ಚುರುಕಿಲ್ಲ, ಜೇಬಿಗೂ ಇಳಿಯುವುದಿಲ್ಲ.

ಫೋರ್ಟಿನ ಬೋರಾ ಬಜಾರಿನಲ್ಲಿ ಸೆಕೆಂಡ್‌ಹ್ಯಾಂಡ್ ಒಲಿಂಪಸ್ಸನ್ನೇ ಕೊಂಡೆ. 45 ಮತ್ತು 14 ಮಿಮೀ ಲೆನ್ಸುಗಳ ಸಮೇತ 561 ಗ್ರಾಂ. ಊಟದ ಡಬ್ಬಿಯ ಪಕ್ಕ ಅದೇ ಚೀಲದಲ್ಲಿ ಕೂರುತ್ತದೆ.