ವೀಸಾ ಬೇಡ, ಕಾಗದ ಬೇಕು: ಮಾಲ್ಡೀವ್ಸಾ, ಮಾರಿಷಸ್ಸಾ?

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟ್ ಅರ್ಜಿ, ಎಲ್ಲಕ್ಕೂ ಜನ ಇಲ್ಲಿಗೇ ಬರುತ್ತಾರೆ. ಈಗೀಗ ಹೊಸ ಪ್ರಶ್ನೆಯೊಂದು ಶುರುವಾಗಿದೆ. "ಅಣ್ಣ, ಮಾಲ್ಡೀವ್ಸ್‌ಗೆ ವೀಸಾ ಬೇಡವಂತಲ್ಲ, ಪಾಸ್‌ಪೋರ್ಟ್ ಇದ್ರೆ ಸಾಕಾ?"

ಸಾಲದು. ಮಾಲ್ಡೀವ್ಸ್‌ಗೆ ಹೆಂಡತಿ ಮತ್ತು ಬಾಮೈದನ ಜೊತೆ ಹೋಗಿ ಬಂದೆ. ಮಾರಿಷಸ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆ. ಎರಡು ಕಡೆಗೂ ನಮ್ಮವರು ಮುಂಚೆ ವೀಸಾ ಮಾಡಿಸಬೇಕಿಲ್ಲ. ಆದರೆ ಮಾಲ್ಡೀವ್ಸ್ ಎಲ್ಲವನ್ನೂ ಮೊದಲೇ ಆನ್‌ಲೈನ್‌ನಲ್ಲಿ ಕೇಳಿ ಮುಗಿಸುತ್ತದೆ. ಮಾರಿಷಸ್ ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತದೆ. ಅಲ್ಲೇ ಇರುವುದು ವ್ಯತ್ಯಾಸ.

ಮೊದಲು ಮಾಲ್ಡೀವ್ಸ್. ಅಲ್ಲಿ ಇಮುಗಾ ಅಂತ ಒಂದು ಆನ್‌ಲೈನ್ ಫಾರಂ ಇದೆ. ವಿಮಾನ ಹೊರಡುವ ಮುಂಚಿನ 96 ಗಂಟೆಯೊಳಗೆ ತುಂಬಬೇಕು. ವಾಪಸ್ ಬರುವಾಗ ಇನ್ನೊಂದು ಸಲ ತುಂಬಬೇಕು. ಸರ್ಕಾರದ ತಾಣದಲ್ಲಿ ಇದಕ್ಕೆ ಒಂದು ಪೈಸೆಯೂ ಇಲ್ಲ. ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಅವಸರದಲ್ಲಿ ಹುಡುಕಿದಾಗ ಮೇಲೆ ಬಂದ ಯಾವುದೋ ತಾಣದಲ್ಲಿ ಮೂವರಿಗೂ ಫಾರಂ ತುಂಬಿ ನಾನು ದುಡ್ಡು ಕಟ್ಟಿಬಿಟ್ಟೆ! ಊರಿಗೆಲ್ಲ ಅರ್ಜಿ ತುಂಬಿಕೊಡುವವನು ನಾನೇ ಹೀಗೆ ಬಿದ್ದೆ. ಹೆಂಡತಿ ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಫಾರಂ ಸರಿಯಾಗಿದ್ದರೆ ರಾಜಧಾನಿ ಮಾಲೆಯ ಏರ್‌ಪೋರ್ಟ್‌ನಲ್ಲಿ ಕೆಲಸ ಬೇಗ ಮುಗಿಯುತ್ತದೆ. ಯಾವ ದ್ವೀಪ ಅಂತ ಕೇಳಿದರು, ಮಾಫುಶಿ ಅಂದೆ, ಮುದ್ರೆ ಬಿತ್ತು. ಬಹುತೇಕ ಎಲ್ಲ ದೇಶದವರಿಗೂ ಅಲ್ಲಿ ಇಳಿದ ಮೇಲೆ 30 ದಿನ ಸಿಗುತ್ತದೆ. 2018ರ ಒಪ್ಪಂದದಿಂದಾಗಿ ಭಾರತೀಯರಿಗೆ 90 ದಿನ ಇರಲು ಅವಕಾಶವಿದೆ. ನಮಗೆ ನಾಲ್ಕು ರಾತ್ರಿಯೇ ಸಾಕಾಯಿತು, ಅದಕ್ಕಿಂತ ಜಾಸ್ತಿ ಜೇಬು ತಡೆಯಲ್ಲ. ಗ್ರೀನ್ ಟ್ಯಾಕ್ಸ್ ಅಂತ ಬೇರೆ ಇದೆ. 2025ರಿಂದ ಸಣ್ಣ ಗೆಸ್ಟ್‌ಹೌಸ್‌ನಲ್ಲಿ ತಲೆಗೆ ದಿನಕ್ಕೆ 6 ಡಾಲರ್, ರೆಸಾರ್ಟ್‌ನಲ್ಲಿ 12. ಮೂವರಿಗೆ ನಾಲ್ಕು ರಾತ್ರಿಗೆ 72 ಡಾಲರ್ ಬರೀ ಅದಕ್ಕೇ ಹೋಯಿತು. ರೂಮಿನ ಬಾಡಿಗೆ ನೋಡುವಾಗ ಇದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ಬ್ಯಾಗಿನ ವಿಷಯ. ಹೆಂಡತಿ ಎಲ್ಲಿ ಹೋದರೂ ಹಿತ್ತಾಳೆಯ ಪುಟ್ಟ ಗಣಪತಿಯನ್ನು ಜೊತೆಗೆ ತರುತ್ತಾಳೆ. ಮಾಲ್ಡೀವ್ಸ್‌ಗೆ ಪೂಜೆಯ ವಿಗ್ರಹ ತರುವಂತಿಲ್ಲ, ಮದ್ಯ ಮತ್ತು ಹಂದಿಮಾಂಸವೂ ಇಲ್ಲ. ಗಣಪತಿ ಮನೆಯಲ್ಲೇ ಉಳಿದ. ಡ್ಯೂಟಿ ಫ್ರೀಯಲ್ಲಿ ಬಾಟಲಿ ನೋಡುತ್ತ ನಿಂತಿದ್ದ ಬಾಮೈದನನ್ನು ನಾನೇ ಎಳೆದುಕೊಂಡು ಬಂದೆ. ಮಾಫುಶಿಯಂಥ ಜನವಸತಿಯ ದ್ವೀಪದಲ್ಲೂ ಅದು ಸಿಗುವುದಿಲ್ಲ, ರೆಸಾರ್ಟ್‌ಗೋ ಪರವಾನಗಿ ಇರುವ ದೋಣಿಗೋ ಹೋಗಬೇಕು. ಪಾಪ, ನಾಲ್ಕು ದಿನ ಎಳನೀರಲ್ಲೇ ಕಳೆದ.

ಬಾಮೈದ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಅವನ ಪಾಸ್‌ಪೋರ್ಟ್ ಇಸಿಆರ್, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ ಬೇಕಾದಂಥದ್ದು. ಅದಕ್ಕೆ ಹೆದರಿದ್ದ. ಆ ಕಟ್ಟುಪಾಡು ಇರುವುದು ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ. ಈ ಎರಡು ದ್ವೀಪಗಳೂ ಆ ಪಟ್ಟಿಯಲ್ಲಿಲ್ಲ.

ಮಾರಿಷಸ್‌ದು ಬೇರೆ ಕಥೆ. ಮುಂಬೈನಿಂದಲೇ ಆರು ಗಂಟೆಯ ಹಾರಾಟ, ಅಪ್ಪನ ಮಂಡಿ ಹಿಡಿದುಕೊಂಡಿತು. ಅವರದೂ ಆನ್‌ಲೈನ್ ಫಾರಂ ಇದೆ, ತುಂಬಿದ್ದೆ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿತ್ತು. ದಿನಕ್ಕೆ ತಲೆಗೆ 100 ಡಾಲರ್‌ನಷ್ಟಾದರೂ ಹಣ ಇರಬೇಕು ಅನ್ನುವುದು ಅವರ ನಿಯಮ, ಅದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡಿದ್ದೆ. ಅದನ್ನು ಯಾರೂ ಕೇಳಲಿಲ್ಲ. ಸಿಕ್ಕಿಬಿದ್ದದ್ದು ಬೇರೆ ಕಡೆ. ಬುಕಿಂಗ್ ಕಾಗದದಲ್ಲಿ ನನ್ನ ಹೆಸರು ಮಾತ್ರ ಇತ್ತು. ಸಾಲಿನಲ್ಲಿ ಅಮ್ಮ ಪಕ್ಕದ ಕೌಂಟರ್‌ಗೆ ಹೋದರು. ಎಲ್ಲಿ ಉಳಿದುಕೊಳ್ಳುತ್ತೀರಿ ಅಂತ ಅಧಿಕಾರಿ ಹಿಂದಿಯಲ್ಲಿ ಕೇಳಿದರೆ, ಅಮ್ಮ ಕನ್ನಡದಲ್ಲಿ "ಅದೆಲ್ಲಾ ನನ್ನ ಮಗನಿಗೆ ಗೊತ್ತು" ಅಂದರು. ಮಗ ಯಾರು, ಎಲ್ಲಿ ಅಂತ ನನ್ನನ್ನು ಹುಡುಕುವಷ್ಟರಲ್ಲಿ ಹಿಂದಿನ ಸಾಲೆಲ್ಲ ನಮ್ಮನ್ನೇ ನೋಡುತ್ತಿತ್ತು. ಎಲ್ಲರ ಹೆಸರಲ್ಲೂ ಬುಕಿಂಗ್ ಮಾಡಿಸಿ, ಒಬ್ಬೊಬ್ಬರ ಕೈಗೂ ಬೇರೆ ಬೇರೆ ಸೆಟ್ ಕೊಡಿ. ದಿನಕ್ಕೆ ಸಾವಿರ ಜೆರಾಕ್ಸ್ ತೆಗೆಯುವವನಿಗೆ ಇದು ಹೊಳೆಯಲಿಲ್ಲ ನೋಡಿ.

ಮಾರಿಷಸ್‌ನಲ್ಲಿ ದೇವರಿಗೆ ತಡೆಯಿಲ್ಲ, ಗಿಡ ಮರದ್ದಕ್ಕೆ ತಡೆ ಇದೆ. ಹಣ್ಣು, ಬೀಜ, ಸಸಿ ಒಯ್ಯಬೇಕಾದರೆ ಅನುಮತಿ ಬೇಕು. ಅಮ್ಮನ ಚೀಲದಿಂದ ಕರಿಬೇವು, ವೀಳ್ಯದೆಲೆ, ಅವರೆಬೀಜ, ಎಲ್ಲ ತೆಗೆಸಿದೆ. ಮುಡಿಯಲ್ಲಿದ್ದ ಸೇವಂತಿಗೆಯನ್ನು ಅವರೇ ದೇವನಹಳ್ಳಿ ಏರ್‌ಪೋರ್ಟ್‌ನ ಕಸದಬುಟ್ಟಿಗೆ ಹಾಕಿದರು, ಮುಖ ಸಣ್ಣ ಮಾಡಿಕೊಂಡು.

ಆದರೆ ಆ ಮುಖ ಅಲ್ಲಿ ಅರಳಿತು. ಗ್ರ್ಯಾಂಡ್ ಬೇಸಿನ್ ಕೆರೆಯ ಹತ್ತಿರ 108 ಅಡಿಯ ಶಿವನಿದ್ದಾನೆ. ಅಮ್ಮ ಕತ್ತೆತ್ತಿ ನೋಡಿ ಕೈಮುಗಿದು, ಆಮೇಲೆ ಕೇಳಿದ್ದು ನಮ್ಮ ಆವಲಗುರ್ಕಿ ಆದಿಯೋಗಿ ಎಷ್ಟು ಅಡಿ ಅಂತ. 112 ಅಂದೆ. "ಹಂಗಾದ್ರೆ ನಮ್ದೇ ಜಾಸ್ತಿ." ಯುಗಾದಿಗೆ ಅಲ್ಲಿ ಸರ್ಕಾರಿ ರಜೆ ಅಂತ ಗೊತ್ತಾದ ಮೇಲಂತೂ ಅಪ್ಪ ಸಿಕ್ಕಿದವರ ಹತ್ತಿರವೆಲ್ಲ ತೆಲುಗಿನಲ್ಲಿ ಮಾತು ತೆಗೆಯುತ್ತಿದ್ದರು. ಪೋರ್ಟ್ ಲೂಯಿಯಲ್ಲಿ ಆಪ್ರವಾಸಿ ಘಾಟ್ ನೋಡಿದೆವು. 1834ರಿಂದ ನಮ್ಮ ದೇಶದ ಕೂಲಿಗಳು ಕರಾರು ಪತ್ರ ಹಿಡಿದು ಕಬ್ಬಿನ ಗದ್ದೆಗೆ ಬಂದ ಕಥೆ ಅಲ್ಲಿದೆ. ಅವರಿಗೂ ಕಾಗದ ತಪ್ಪಿರಲಿಲ್ಲ.

ಒಂದು ಮಾತು ಎರಡಕ್ಕೂ ಸೇರಿದ್ದು. ನಿಜವಾದ ತಪಾಸಣೆ ಆ ದೇಶದಲ್ಲಿ ಅಲ್ಲ, ಇಲ್ಲೇ ಚೆಕ್‌ಇನ್ ಕೌಂಟರ್‌ನಲ್ಲಿ ಶುರುವಾಗುತ್ತದೆ. ಆ ದೇಶದವರು ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯದು. ಹಾಗಾಗಿ ಎರಡೂ ಸಲ ವಾಪಸ್ ಟಿಕೆಟ್ ಮತ್ತು ಬುಕಿಂಗನ್ನು ನಮ್ಮವರೇ ಮೊದಲು ಕೇಳಿದರು.

ಹೊಸದಾಗಿ ಮದುವೆಯಾದವರು ಬಂದರೆ ನಾನು ಮಾಲ್ಡೀವ್ಸ್ ಅನ್ನುತ್ತೇನೆ. ದೇವನಹಳ್ಳಿಯಿಂದ ನೇರ ವಿಮಾನದಲ್ಲಿ ಎರಡು ಗಂಟೆ ಆಸುಪಾಸು, ಫಾರಂ ಒಂದು ಸರಿ ಇದ್ದರೆ ಮುಗಿಯಿತು. ಹಿರಿಯರಿದ್ದರೆ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಮಾರಿಷಸ್.

ಕಳೆದ ವಾರ ಬಂದ ಹುಡುಗನಿಗೆ ಎರಡನ್ನೂ ಹೇಳಲಿಲ್ಲ. ಅವನ ಪಾಸ್‌ಪೋರ್ಟ್ ಮುಗಿಯಲು ಮೂರು ವಾರ ಉಳಿದಿತ್ತು. ಮಾಲ್ಡೀವ್ಸ್‌ಗೆ ಕನಿಷ್ಠ ಒಂದು ತಿಂಗಳಾದರೂ ಬೇಕು, ಆರು ತಿಂಗಳಿದ್ದರೆ ಎಲ್ಲೂ ಕಿರಿಕಿರಿ ಇಲ್ಲ. ಟಿಕೆಟ್ ಬುಕ್ ಮಾಡಿದ್ದೀಯಾ ಅಂದೆ. ತಲೆ ಕೆರೆದುಕೊಂಡ. ಕೂರಿಸಿ ರಿನೀವಲ್ ಅರ್ಜಿ ತುಂಬಿಸಿದೆ.