ಮೇ ತಿಂಗಳಲ್ಲಿ ಗ್ರಾನೈಟ್ ಮೌಂಟೇನ್ ಹತ್ತಲು ಹೊರಟವರು ದಯವಿಟ್ಟು ಓದಿ

ಸಿಯಾಟಲ್ ಸುತ್ತಮುತ್ತ ನೆಲೆಸಿರುವ ನಮ್ಮವರಲ್ಲಿ ಬಹಳ ಮಂದಿ ಮಳೆಗಾಲ ಮುಗಿದು ಒಳ್ಳೆಯ ಬಿಸಿಲು ಬಿದ್ದ ಮೊದಲ ಶನಿವಾರವೇ ಬೆಟ್ಟದ ಕಡೆಗೆ ಹೊರಡುತ್ತಾರೆ. ಊರಿನಿಂದ ನೆಂಟರು ಬಂದಿದ್ದರೆ ಅವರನ್ನೂ ಕರೆದೊಯ್ಯುತ್ತಾರೆ. ಕಳೆದ ವರ್ಷ ಮೇ ತಿಂಗಳ ನಡುವಿನಲ್ಲಿ ನಾನೂ ಹಾಗೆಯೇ ಮಾಡಿದೆ. ಶಿವಮೊಗ್ಗದಿಂದ ಬಂದಿದ್ದ ಹೆಂಡತಿಯ ತಮ್ಮನಿಗೆ ಹಿಮ ತೋರಿಸಬೇಕೆಂದು ಗ್ರಾನೈಟ್ ಮೌಂಟೇನ್‌ಗೆ ಕರೆದುಕೊಂಡು ಹೋದೆ. ಅವನು ಕಾಲು ಉಳುಕಿಸಿಕೊಂಡು ಮನೆಗೆ ಮರಳಿದ. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯವೇ ಹೊರತು ನನ್ನ ಜಾಣತನವಲ್ಲ.

ನನ್ನನ್ನು ತಪ್ಪುದಾರಿಗೆ ಎಳೆದದ್ದು ಒಂದು ಅಂಕಿ. ಈ ಬೆಟ್ಟದ ಎತ್ತರ 5,629 ಅಡಿ, ಅಂದರೆ ಸುಮಾರು 1,716 ಮೀಟರ್. ನಮ್ಮ ಕುಮಾರ ಪರ್ವತ 1,712 ಮೀಟರ್. ಕುಕ್ಕೆಯಿಂದ ಗಿರಿಗದ್ದೆಯ ಮೇಲೆ ಎರಡು ಸಲ ಹತ್ತಿ ಇಳಿದಿದ್ದ ನನಗೆ, ಹೋಗಿ ಬರಲು ಸುಮಾರು 14 ಕಿಲೋಮೀಟರ್, 3,800 ಅಡಿಯ ಏರು ಎಂಬುದು ದೊಡ್ಡದಾಗಿ ಕಾಣಲಿಲ್ಲ. ಆದರೆ 47ನೇ ಅಕ್ಷಾಂಶದಲ್ಲಿ, ಶಾಂತಸಾಗರದ ತೇವಗಾಳಿ ಚಳಿಗಾಲವಿಡೀ ಹಿಮ ಸುರಿಸುವ ಕ್ಯಾಸ್ಕೇಡ್ ಸಾಲಿನಲ್ಲಿ, ಅದೇ ಎತ್ತರವೆಂದರೆ ಜೂನ್ ಕಳೆದರೂ ಕರಗದೆ ಉಳಿಯುವ ಹಿಮ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಫೋನಿನಲ್ಲಿ ನೋಡಿದ ಹವಾಮಾನ ಸಿಯಾಟಲ್ ನಗರದ್ದು. ನೋಡಿ ಖುಷಿಪಟ್ಟ ಚಿತ್ರಗಳು ಹಿಂದಿನ ಆಗಸ್ಟ್‌ನವು.

ಐ-90 ಹೆದ್ದಾರಿಯ 47ನೇ ಎಕ್ಸಿಟ್‌ನಲ್ಲಿ ಕಾರು ನಿಲ್ಲಿಸಿ ನಡೆಯಲು ಆರಂಭಿಸಿದಾಗ ಹನ್ನೊಂದು ಗಂಟೆಯಾಗುತ್ತಾ ಬಂದಿತ್ತು. ಪ್ರಾಟ್ ಲೇಕ್ ದಾರಿಯಲ್ಲಿ ಒಂದು ಮೈಲಿ ನಡೆದು ಬಲಕ್ಕೆ ತಿರುಗಿದ ಮೇಲೆ ಏರು ಕಡಿದಾಗುತ್ತದೆ. ಅಲ್ಲಿಯವರೆಗೂ ದಾರಿ ಒಣಗಿತ್ತು, ಮೈ ಬೆವರುತ್ತಿತ್ತು, ಕೆಳಗಿನ ಹೆದ್ದಾರಿಯ ಲಾರಿಗಳ ಸದ್ದು ಕಿವಿಗೆ ಬೀಳುತ್ತಲೇ ಇತ್ತು. ಊರಿನ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದೇವೆ, ಏನಾದೀತು ಎಂಬ ಧೈರ್ಯವನ್ನು ಆ ಸದ್ದು ಕೊಡುತ್ತದೆ. ಅದು ಸುಳ್ಳು ಧೈರ್ಯ.

ಮುಂದೆ ಕಾಡು ತೆರೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ಸೀಳಿದಂತಿರುವ ಒಂದು ಅಗಲವಾದ ಕೊರಕಲನ್ನು ದಾರಿ ಅಡ್ಡ ಹಾಯುತ್ತದೆ. ಅದರ ತುಂಬ ಮಣ್ಣುಬಣ್ಣಕ್ಕೆ ತಿರುಗಿದ, ಗಂಟುಗಂಟಾದ ಹಿಮ, ಅದರೊಳಗೆ ಮುರಿದ ಹಸಿರು ಕೊಂಬೆಗಳು ಮತ್ತು ಕಲ್ಲುಗಳು ಸಿಕ್ಕಿಕೊಂಡಿದ್ದವು. ಅದು ಮೇಲಿನ ಇಳಿಜಾರಿನಿಂದ ಜಾರಿ ಬಂದ ಹಿಮಕುಸಿತದ ರಾಶಿ ಎಂದು ನನಗೆ ತಿಳಿಯಲಿಲ್ಲ. ಕೊಂಬೆಗಳು ಇನ್ನೂ ಹಸಿರಾಗಿದ್ದರೆ ಕುಸಿತ ಆಗಿ ಹೆಚ್ಚು ದಿನವಾಗಿಲ್ಲ ಎಂಬ ಅರ್ಥವೂ ಹೊಳೆಯಲಿಲ್ಲ. ಅಲ್ಲಿಯೇ ಎದುರಾದ, ಕೈಯಲ್ಲಿ ಐಸ್ ಆಕ್ಸ್ (ಹಿಮ ಹತ್ತುವವರು ಬಳಸುವ ಚೂಪು ಕೊಡಲಿ) ಹಿಡಿದಿದ್ದ ಹಿರಿಯ ಮಹಿಳೆಯೊಬ್ಬರು ತಾವು ಬೆಳಗಿನ ಜಾವವೇ ಹತ್ತಿ ಇಳಿಯುತ್ತಿರುವುದಾಗಿಯೂ, ಬಿಸಿಲಿಗೆ ಮೇಲಿನ ಹಿಮ ಮೆತ್ತಗಾಗುತ್ತಿರುವುದಾಗಿಯೂ, ಇಲ್ಲಿಂದಲೇ ಹಿಂದಿರುಗುವುದು ಒಳ್ಳೆಯದೆಂದೂ ಹೇಳಿದರು. ಧನ್ಯವಾದ ಹೇಳಿ ಮುಂದೆ ನಡೆದೆ. ಇಡೀ ದಿನದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು.

ಮೇಲಿನ ಹುಲ್ಲುಗಾವಲು ತಲುಪಿದಾಗ ದಾರಿಯೇ ಇರಲಿಲ್ಲ. ಹೆಜ್ಜೆ ಗುರುತುಗಳು ನಾಲ್ಕು ದಿಕ್ಕಿಗೆ ಹರಡಿದ್ದವು. ಶಿಖರದ ಮೇಲಿನ ಕಾಡ್ಗಿಚ್ಚಿನ ಕಾವಲು ಮನೆ ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಅದರ ಕಡೆಗೆ ಹೋದ ಯಾರದೋ ಹೆಜ್ಜೆಗಳನ್ನೇ ಹಿಡಿದು ನಡೆದೆವು. ನಮ್ಮ ಬೂಟುಗಳಿಗೆ ಮೈಕ್ರೋಸ್ಪೈಕ್ ಎಂಬ ಲೋಹದ ಹಲ್ಲುಗಳ ಪಟ್ಟಿ ಕಟ್ಟಿದ್ದೆವು. ಅವುಗಳ ಚಿಕ್ಕ ಹಲ್ಲುಗಳು ಸಮತಟ್ಟಾದ, ಗಟ್ಟಿಯಾದ ಮಂಜುಗಡ್ಡೆಯ ಮೇಲೆ ಹಿಡಿತ ಕೊಡುತ್ತವೆ. ಕಡಿದಾದ ಇಳಿಜಾರಿನ ಒದ್ದೆ ಹಿಮದಲ್ಲಿ ಹಲ್ಲುಗಳ ನಡುವೆ ಹಿಮವೇ ಉಂಡೆಕಟ್ಟಿ ಕಾಲು ಜಾರುತ್ತದೆ. ಜಾರಿದವನು ತನ್ನನ್ನು ತಡೆದುಕೊಳ್ಳಲು ಐಸ್ ಆಕ್ಸ್ ಬೇಕು, ಅದನ್ನು ಬಳಸುವ ಅಭ್ಯಾಸವೂ ಬೇಕು. ನಮಗೆ ಎರಡೂ ಇರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಶಿಖರ ಇನ್ನೂ ಮೇಲಿರುವಂತೆಯೇ ತಿರುಗಿ ಇಳಿಯಲು ನಿರ್ಧರಿಸಿದೆವು.

ಇಳಿಯುವಾಗ ಭಾವಮೈದುನನ ಕಾಲು ಜಾರಿತು. ಹದಿನೈದು ಮೀಟರಿನಷ್ಟು ಬೆನ್ನ ಮೇಲೆ ಜಾರಿಹೋಗಿ, ತಲೆಯಷ್ಟೇ ಹೊರಗೆ ಕಾಣುತ್ತಿದ್ದ ಒಂದು ಬಂಡೆಯ ಪಕ್ಕದಲ್ಲಿ ತೊಡೆಯವರೆಗೆ ಹೂತು ನಿಂತ. ಬಿಸಿಲಿಗೆ ಕಾದ ಬಂಡೆ ತನ್ನ ಸುತ್ತಲಿನ ಹಿಮವನ್ನು ಒಳಗಿನಿಂದಲೇ ಕರಗಿಸುವುದರಿಂದ ಅಲ್ಲಿ ಹೊರಗೆ ಕಾಣದ ಟೊಳ್ಳು ಉಂಟಾಗಿರುತ್ತದೆ. "ಭಾವ, ಕಾಲು ಹೊರಗೆ ಬರ್ತಿಲ್ಲ, ಕೆಳಗೆ ನೆಲವೇ ಸಿಗ್ತಿಲ್ಲ" ಎಂದು ಅವನು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಒಳಗೆ ಬಿದ್ದ ಹಿಮ ಕಾಲಿನ ಸುತ್ತ ಗಾರೆಯಂತೆ ಬಿಗಿದುಕೊಂಡಿತ್ತು. ಬರಿಗೈಯಲ್ಲಿ ಕೆರೆದು ಬೆರಳು ಮರಗಟ್ಟಿದ ಮೇಲೆ, ಚಿತ್ರಾನ್ನ ತಂದಿದ್ದ ಸ್ಟೀಲ್ ಡಬ್ಬಿಯ ಮುಚ್ಚಳದಿಂದ ತೋಡಿದೆ. ಕಾಲು ಬಿಡಿಸಿಕೊಳ್ಳಲು ನಲವತ್ತು ನಿಮಿಷ ಹಿಡಿಯಿತು. ಜೀನ್ಸ್ ಪೂರ್ತಿ ಒದ್ದೆಯಾಗಿ ಅವನು ನಡುಗುತ್ತಿದ್ದ. ಬದಲಿಸಲು ಒಣಬಟ್ಟೆ ಇರಲಿಲ್ಲ.

ಕುಂಟುತ್ತಾ ಕೊರಕಲಿನ ಅಂಚಿಗೆ ಬಂದಾಗ, ಲಾರಿಯಿಂದ ಜಲ್ಲಿ ಸುರಿದಂತಹ ಸದ್ದು ಮೇಲಿನಿಂದ ಕೇಳಿಸಿತು. ಒದ್ದೆ ಹಿಮ ನಿಧಾನವಾಗಿ, ಆದರೆ ಯಾವುದಕ್ಕೂ ನಿಲ್ಲದೆ, ಹತ್ತುವಾಗ ನಾವು ದಾಟಿದ್ದ ಹೆಜ್ಜೆಗಳ ಮೇಲೆಯೇ ಹರಿದು ಹೋಯಿತು. ಹದಿನೈದು ನಿಮಿಷ ಮೊದಲು ಬಂದಿದ್ದರೆ ನಾವು ಅದರ ನಡುವೆ ಇರುತ್ತಿದ್ದೆವು. ಬಹಳ ಹೊತ್ತು ಕಾದು, ಬಿಸಿಲು ಇಳಿಜಾರಿನಿಂದ ಸರಿದ ಮೇಲೆ, ಒಬ್ಬರ ನಂತರ ಒಬ್ಬರು, ಎಲ್ಲಿಯೂ ನಿಲ್ಲದೆ ದಾಟಿದೆವು. ಕಾರಿನ ಬಳಿ ಬಂದಾಗ ಕತ್ತಲಾಗಿತ್ತು; ಕೊನೆಯ ಮೈಲಿ ಫೋನಿನ ಬೆಳಕಿನಲ್ಲಿ ನಡೆದೆವು.

ಈ ಕೊರಕಲಿನ ಅಪಾಯ ಸ್ಥಳೀಯ ಚಾರಣಿಗರಿಗೆಲ್ಲ ಗೊತ್ತಿರುವುದೇ ಎಂದು ಆಮೇಲೆ ತಿಳಿಯಿತು. ಇಲ್ಲಿ ಹಿಂದೆ ಜೀವಗಳೂ ಹೋಗಿವೆ. ದಾರಿ ಆರಂಭವಾಗುವ ಕಡೆ ನೆಲ ಒಣಗಿದ್ದರೂ, ನೆತ್ತಿಯ ಮೇಲಿನ ಹಿಮ ಈ ಕೊರಕಲಿಗೇ ಜಾರಿ ಬರುತ್ತದೆ. ವಾಯವ್ಯ ಹಿಮಕುಸಿತ ಕೇಂದ್ರದ (ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್) ದಿನನಿತ್ಯದ ಮುನ್ಸೂಚನೆ ಸಾಮಾನ್ಯವಾಗಿ ಏಪ್ರಿಲ್‌ನ ಉತ್ತರಾರ್ಧದ ಹೊತ್ತಿಗೆ ನಿಲ್ಲುತ್ತದೆ. ಅದು ನಿಂತ ಮಾತ್ರಕ್ಕೆ ಹಿಮ ಜಾರುವುದು ನಿಂತಿತೆಂದು ತಿಳಿಯಬೇಡಿ. ಚಳಿಗಾಲದ ಅನುಭವಿಗಳು ಕೊರಕಲನ್ನು ತಪ್ಪಿಸಿ ನೈಋತ್ಯದ ಏಣಿನ (ರಿಡ್ಜ್) ಮೇಲೆ ಹತ್ತುತ್ತಾರೆ, ಆದರೆ ಅದು ತರಬೇತಿ ಇಲ್ಲದವರ ದಾರಿಯಲ್ಲ. ನೆಂಟರಿಗೆ ಮೇ ತಿಂಗಳಲ್ಲೇ ಬೆಟ್ಟ ತೋರಿಸಬೇಕೆಂದಿದ್ದರೆ ರ‍್ಯಾಟಲ್‌ಸ್ನೇಕ್ ಲೆಡ್ಜ್‌ನಂತಹ ತಗ್ಗಿನ ಜಾಗ ಸಾಕು. ಗ್ರಾನೈಟ್ ಮೌಂಟೇನ್‌ಗೆ ಜುಲೈ ಕೊನೆಯವರೆಗೆ ಕಾಯಿರಿ. ಹೋಗುವ ಮುನ್ನ ಅದೇ ವಾರ ಹತ್ತಿ ಬಂದವರ ವರದಿ ಓದಿ, ತಾರೀಖು ನೋಡಿ.

ಆಗಸ್ಟ್‌ನಲ್ಲಿ ನಾನೊಬ್ಬನೇ ಮತ್ತೆ ಹೋಗಿದ್ದೆ. ಅವನು ಸಿಕ್ಕಿಕೊಂಡಿದ್ದ ಬಂಡೆಯನ್ನು ಹುಡುಕಿದೆ. ಮೇ ತಿಂಗಳಲ್ಲಿ ಮೊಣಕಾಲೆತ್ತರ ಕಂಡಿದ್ದ ಆ ಬಂಡೆ ಈಗ ನನ್ನ ತಲೆಗಿಂತ ಎತ್ತರವಾಗಿ ನಿಂತಿತ್ತು, ಅದರ ಬುಡದಲ್ಲಿ ಚೂಪಾದ ಕಲ್ಲುಗಳ ರಾಶಿಯಿತ್ತು.